ಎಂ.ಎ. ಪರಿಸರ ಅರ್ಥಶಾಸ್ತ್ರ: ಎಚ್‌ಇಪಿ ಓದಿದವಳ ಕೈಲಿ ಆಗುತ್ತಾ?

ಬಣಕಲ್ ಮಳೆ
ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಸುಮ್ನೆ ಓದುತ್ತಿದ್ದೆ, ಬರೆಯುತ್ತಿರುವುದು ಮೊದಲ ಸಲ. ಉದ್ದ ಆದರೆ ಬೈಬೇಡಿ.

ನಾನು ಚಿಕ್ಕಮಗಳೂರಿನಲ್ಲಿ ಬಿ.ಎ. ಕೊನೇ ವರ್ಷ. ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಅಂದರೆ ಎಚ್‌ಇಪಿ. ಅಪ್ಪನದ್ದು ನಾಲ್ಕು ಎಕರೆ ಕಾಫಿ ತೋಟ. ಜಾಸ್ತಿ ರೊಬಸ್ಟಾ, ನೆರಳಿಗಿರುವ ಸಿಲ್ವರ್ ಓಕ್ ಮರಗಳಿಗೆ ಮೆಣಸು ಹಬ್ಬಿಸಿದ್ದಾರೆ. ಹೋದ ವರ್ಷ ಪರಿಸರ ಅರ್ಥಶಾಸ್ತ್ರ ಅಂತ ಒಂದು ಪೇಪರ್ ಇತ್ತು. ಬಾಹ್ಯ ಪರಿಣಾಮದ (ಒಬ್ಬರು ಮಾಡಿದ್ದರ ನಷ್ಟ ಬೇರೆಯವರ ಮೇಲೆ ಬೀಳುವುದು) ಪಾಠ ಬಂದಾಗ ಮೇಡಂ ಪುಸ್ತಕದಲ್ಲಿದ್ದ ಕಾರ್ಖಾನೆ, ಹೊಗೆ ಎಲ್ಲ ಬಿಟ್ಟು ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರ) ನೀರಿನ ಉದಾಹರಣೆ ಕೊಟ್ಟರು. ಮೇಲಿನ ತೋಟದವರು ಹಣ್ಣು ಪಲ್ಪ್ ಮಾಡಿ ನೀರನ್ನು ಹಳ್ಳಕ್ಕೆ ಬಿಡುತ್ತಾರೆ, ಅವರ ಖರ್ಚಿನ ಪುಸ್ತಕದಲ್ಲಿ ಹಳ್ಳಕ್ಕೆ ಜಾಗವೇ ಇಲ್ಲ ಅಂದರು. ನನಗೆ ಮೈ ಜುಂ ಅಂದಿತು. ಆ ಹಳ್ಳದ ಕೆಳಗಿನ ಮನೆ ನಮ್ಮದು! ಜನವರಿಯಲ್ಲಿ ನೀರು ಡಿಕಾಕ್ಷನ್ ಬಣ್ಣಕ್ಕೆ ತಿರುಗುತ್ತೆ. ಹಸು ಮೂಸಿ ನೋಡಿ ಹಾಗೇ ವಾಪಸ್ ಬರುತ್ತೆ.

ಇದನ್ನೇ ಮುಂದೆ ಓದಬೇಕು ಅಂತ ಆಸೆ. ಮಾಮೂಲಿ ಎಂ.ಎ. ಎಕನಾಮಿಕ್ಸ್ ಮಾಡಲಾ, ಪರಿಸರ ಅರ್ಥಶಾಸ್ತ್ರದ್ದೇ ಬೇರೆ ಕೋರ್ಸ್ ಹುಡುಕಲಾ? ಗಣಿತ ಬಿಟ್ಟಿದ್ದು ಎಸ್ಸೆಸ್ಸೆಲ್ಸಿಯಲ್ಲಿ. ಕೆಲಸ ಸಿಗುತ್ತಾ? ಅಪ್ಪ ಹೇಳಿದ್ದು ಇಷ್ಟೇ: "ಕಾಡು ಕಾಯೋಕೆ ಫಾರೆಸ್ಟ್‌ನವರಿದ್ದಾರೆ, ಲೆಕ್ಕ ಬರೆಯೋಕೆ ರೈಟರ್ ಇದ್ದಾನೆ. ಮಧ್ಯದಲ್ಲಿ ನಿಂದೇನು ಕೆಲಸ?" ಅಮ್ಮ ಬಿ.ಎಡ್. ಅಂತಾರೆ.

ಚುರುಮುರಿ
ಅಪ್ಪನ ಪ್ರಶ್ನೆಗೆ ಉತ್ತರ ಗೊತ್ತಾದರೆ ನನಗೂ ಹೇಳಿ. ನಾನು ಎಂ.ಎ. ಮುಗಿಸಿ ಆರು ವರ್ಷ ಆಯ್ತು.

ಹಳೇ ಪೆನ್ಸಿಲ್
ನೋಡಮ್ಮ, ಹಾಸನದ ಕಡೆ ಮೂವತ್ತು ವರ್ಷ ಅರ್ಥಶಾಸ್ತ್ರ ಪಾಠ ಮಾಡಿ ನಿವೃತ್ತಿಯಾದವನು ನಾನು. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕೋರ್ಸಿನ ಹೆಸರಲ್ಲಿ ಪರಿಸರ ಇದೆ, ಹಾಗಾಗಿ ಗಣಿತ ಕಡಿಮೆ ಅಂದುಕೊಂಡು ಎಷ್ಟೋ ಮಕ್ಕಳು ಹೋಗುತ್ತಾರೆ. ಇರುವುದು ಉಲ್ಟಾ. ಮಾಮೂಲಿ ಎಂ.ಎ.ಗಿಂತ ಜಾಸ್ತಿ ಬೇಕು. ಯಾಕೆ ಅಂದರೆ ಇಲ್ಲಿ ಕಾಲ ಬಂದು ಕೂರುತ್ತೆ. ಅಂಗಡಿಯಲ್ಲಿ ಸೋಪು ಇವತ್ತು ಎಷ್ಟು ಮಾರಲಿ ಅನ್ನುವುದು ಒಂದು ಲೆಕ್ಕ. ಅದಿರು ಈ ವರ್ಷ ತೆಗೆಯಲಾ, ಇಪ್ಪತ್ತು ವರ್ಷ ಬಿಟ್ಟು ತೆಗೆಯಲಾ ಅನ್ನುವುದು ಬೇರೆಯೇ ಲೆಕ್ಕ. ಅಮೆರಿಕದ ಅರ್ಥಶಾಸ್ತ್ರಜ್ಞ ಹೆರಾಲ್ಡ್ ಹೋಟೆಲಿಂಗ್ 1931ರಲ್ಲಿ ಬರೆದದ್ದು ಇದನ್ನೇ. ನೆಲದೊಳಗೆ ಬಿಟ್ಟ ಅದಿರು ಬ್ಯಾಂಕಿನಲ್ಲಿಟ್ಟ ದುಡ್ಡಿನ ಹಾಗೆ. ಅದರ ಬೆಲೆ ಬಡ್ಡಿಗಿಂತ ನಿಧಾನಕ್ಕೆ ಏರಿದರೆ ಗಣಿಯವನು ಇವತ್ತೇ ಅಗೆದು ಮಾರಿ ದುಡ್ಡನ್ನು ಬ್ಯಾಂಕಿಗೆ ಹಾಕುತ್ತಾನೆ. ಬಡ್ಡಿಗಿಂತ ಜೋರಾಗಿ ಏರಿದರೆ ಅಗೆಯದೆ ಸುಮ್ಮನೆ ಕೂರುತ್ತಾನೆ.

ನನ್ನ ಸಲಹೆ: ಒಳ್ಳೆ ಕಡೆ ಮಾಮೂಲಿ ಎಂ.ಎ. ಅರ್ಥಶಾಸ್ತ್ರ ಮಾಡು. ಐಚ್ಛಿಕ ಪೇಪರ್ ಮತ್ತು ಪ್ರಬಂಧ ಪರಿಸರದ ಮೇಲೆ ಇರಲಿ. ಇಂಡಿಯನ್ ಎಕನಾಮಿಕ್ ಸರ್ವಿಸ್ ಪರೀಕ್ಷೆ ಇರಲಿ, ಲೆಕ್ಚರರ್ ಹುದ್ದೆ ಇರಲಿ, ಡಿಗ್ರಿಯ ಹೆಸರು ನೇರವಾಗಿದ್ದರೆ ದಾಖಲೆ ಪರಿಶೀಲನೆ ದಿನ ತಲೆನೋವಿಲ್ಲ.

ಹೇಮಾವತಿ ದಂಡೆ
ಸಾರ್ ಹೇಳಿದ್ದು ಮುಕ್ಕಾಲು ಪಾಲು ಒಪ್ಪುತ್ತೇನೆ. ಮಾಮೂಲಿ ಎಂ.ಎ.ನೇ ಮಾಡು ಅಂದ ಕೊನೇ ಸಲಹೆ ಒಪ್ಪಲ್ಲ. ಯಾವ ವಿಷಯ ಬೇಕು ಅಂತ ಮೊದಲೇ ಗೊತ್ತಿದ್ದವರು ಅದರದ್ದೇ ಕೋರ್ಸಿಗೆ ಹೋದರೆ ಎರಡು ವರ್ಷ ಉಳಿಯುತ್ತೆ.

ತಂಗಿ, ನಾನು ಹೊಳೆನರಸೀಪುರದವಳು, ಬೆಂಗಳೂರಿನಲ್ಲಿ ಪಿಎಚ್‌.ಡಿ. ಮೂರನೇ ವರ್ಷ. ನನ್ನದೂ ಎಚ್‌ಇಪಿ! ಮದ್ರಾಸ್ ಸ್ಕೂಲ್ ಆಫ್ ಎಕನಾಮಿಕ್ಸ್‌ನಲ್ಲಿ ಪರಿಸರ ಅರ್ಥಶಾಸ್ತ್ರದಲ್ಲೇ ಎಂ.ಎ. ನಡೆಸಿಕೊಂಡು ಬಂದಿದ್ದಾರೆ. ದೆಹಲಿಯ ಟೆರಿ ವಿದ್ಯಾಲಯದಲ್ಲಿ ಪರಿಸರ ಮತ್ತು ಸಂಪನ್ಮೂಲ ಅರ್ಥಶಾಸ್ತ್ರದ ಮೇಲೆ ಒತ್ತು ಕೊಡುವ ಎಂ.ಎಸ್ಸಿ. ಇದೆ. ಪ್ರವೇಶ ಪರೀಕ್ಷೆಯ ನಿಯಮ ವರ್ಷ ವರ್ಷ ಬದಲಾಗುತ್ತೆ, ಈ ವರ್ಷದ್ದು ನೀವೇ ನೋಡಿಕೊಳ್ಳಿ. ಪಿಎಚ್‌.ಡಿ.ಗೆ ಬಂದರೆ ನಾಗರಭಾವಿಯ ಐಸೆಕ್ (ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆ) ಇದೆ. ಅರ್ಥಶಾಸ್ತ್ರಜ್ಞ ವಿ.ಕೆ.ಆರ್.ವಿ. ರಾವ್ 1972ರಲ್ಲಿ ಕಟ್ಟಿದ್ದು. ಪರಿಸರ ಮತ್ತು ನೈಸರ್ಗಿಕ ಸಂಪನ್ಮೂಲಕ್ಕೇ ಅಲ್ಲೊಂದು ಪ್ರತ್ಯೇಕ ಕೇಂದ್ರ ಇದೆ. ನೆಟ್ ಪರೀಕ್ಷೆ ಜೊತೆ ಸಂಶೋಧನೆಯ ಫೆಲೋಶಿಪ್ ಜೆಆರ್‌ಎಫ್ ಆದರೆ ತಿಂಗಳಿಗೆ 37,000 ರೂಪಾಯಿ. ಮನೆಯಲ್ಲಿ ಈ ಅಂಕಿ ಹೇಳಿ. ಬಿ.ಎಡ್. ಮಾತು ಸ್ವಲ್ಪ ದಿನ ನಿಲ್ಲುತ್ತೆ.

ಕೃಷಿ ಅರ್ಥಶಾಸ್ತ್ರ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಬೆಂಗಳೂರಿನ ಜಿಕೆವಿಕೆ ಥರದ ಕೃಷಿ ವಿಶ್ವವಿದ್ಯಾಲಯಗಳಲ್ಲಿ ಅದಕ್ಕೆ ಬಿ.ಎಸ್ಸಿ. ಅಗ್ರಿ ಕೇಳುತ್ತಾರೆ.

ಸಿಲ್ವರ್ ನೆರಳು
ಸಕಲೇಶಪುರದಿಂದ. ಓದಿದ್ದು ಬಿ.ಕಾಂ., ಮಾಡುವುದು ತೋಟ. ಪೆನ್ಸಿಲ್ ಸಾರ್ ಅದಿರಿನ ಲೆಕ್ಕ ಓದಿ ನಗು ಬಂತು. ನಾವು ಇದನ್ನು ಸಿಲ್ವರ್ ಮರದಲ್ಲಿ ದಿನಾ ಮಾಡುತ್ತೇವೆ. ವ್ಯಾಪಾರಿ ಬಂದು ಟೇಪು ಸುತ್ತಿ ಒಂದು ರೇಟ್ ಹೇಳುತ್ತಾನೆ. ಈಗ ಕೊಡಲಾ, ಇನ್ನೆರಡು ವರ್ಷ ಬಿಡಲಾ? ಮರ ವರ್ಷಕ್ಕೆ ಎಷ್ಟು ದಪ್ಪ ಆಗುತ್ತೆ, ಆ ದುಡ್ಡು ಬ್ಯಾಂಕಲ್ಲಿದ್ದರೆ ಎಷ್ಟು ಆಗುತ್ತೆ. ಇದಕ್ಕೆ ಎಂ.ಎ. ಬೇಕಾ?

ಹಳೇ ಪೆನ್ಸಿಲ್
ಬೇಡ. ಆದರೆ ನೀವು ಒಂದು ಬಿಟ್ಟಿರಿ. ಈ ಮರ ನಿಂತಿರುವಷ್ಟು ದಿನ ಅದೇ ಜಾಗದಲ್ಲಿ ಮುಂದಿನ ಮರ ನೆಡಲು ಆಗುವುದಿಲ್ಲ. ಆ ಕಾಯುವ ಖರ್ಚನ್ನೂ ಸೇರಿಸಬೇಕು ಅಂತ ಜರ್ಮನಿಯ ಫಾಸ್ಟ್‌ಮನ್ ಎಂಬ ಅರಣ್ಯಾಧಿಕಾರಿ 1849ರಲ್ಲೇ ಸೂತ್ರ ಬರೆದ. ಅದನ್ನು ಸೇರಿಸಿದರೆ ನೀವು ಅಂದುಕೊಂಡದ್ದಕ್ಕಿಂತ ಸ್ವಲ್ಪ ಮೊದಲೇ ಕಡಿಯಬೇಕಾಗುತ್ತೆ.

ಸಿಲ್ವರ್ ನೆರಳು
ಸಾರ್, ಮರದ ಮೇಲೆ ಮೆಣಸಿನ ಬಳ್ಳಿ ಇದೆ. ಅದನ್ನು ನಿಮ್ಮ ಜರ್ಮನಿಯವನು ನೋಡಿರಲಿಲ್ಲ ಅನ್ನಿಸುತ್ತೆ. ವರ್ಷಾ ವರ್ಷಾ ಮೆಣಸು ಕೊಡುವ ಮರವನ್ನು ಯಾರು ಕಡಿಯುತ್ತಾರೆ?

ಹಳೇ ಪೆನ್ಸಿಲ್
ಭೇಷ್! ಇದಕ್ಕೂ ಒಬ್ಬ ಇದ್ದಾನೆ. ಹಾರ್ಟ್‌ಮನ್, 1976. ನಿಂತ ಮರವೇ ಏನಾದರೂ ಕೊಡುತ್ತಿದ್ದರೆ ಕಡಿಯುವ ವರ್ಷ ಮುಂದಕ್ಕೆ ಹೋಗುತ್ತೆ, ಕೆಲವು ಸಲ ಕಡಿಯುವುದೇ ಬೇಡ ಅಂತಲೂ ಲೆಕ್ಕ ಬರುತ್ತೆ. ಅವನ ಮನಸ್ಸಿನಲ್ಲಿದ್ದದ್ದು ಕಾಡಿನ ನೀರು, ಪ್ರಾಣಿ, ಅಡ್ಡಾಡುವ ಜನ. ನಿಮ್ಮದು ಮೆಣಸು. ಗಣಿತ ಒಂದೇ.

ಚುರುಮುರಿ
ಸಿಲ್ವರ್ ಅಣ್ಣನಿಗೆ ಡಾಕ್ಟರೇಟ್ ಕೊಟ್ಟು ಕಳಿಸಿ.

ಗಂಗಡಿಕಲ್ಲು
ಗಣಿ ಮಾತು ಬಂತಲ್ಲ, ಹಾಗಾಗಿ ಬರೆಯುತ್ತಿದ್ದೇನೆ. ನಾನು ಬೆಳೆದದ್ದು ಕುದುರೆಮುಖದ ಟೌನ್‌ಶಿಪ್‌ನಲ್ಲಿ. ಅಪ್ಪ ಅಲ್ಲೇ ಕೆಲಸದಲ್ಲಿದ್ದರು. ಕಬ್ಬಿಣದ ಅದಿರಿನ ಕಂಪನಿ ಶುರುವಾದದ್ದು 1976ರಲ್ಲಿ, 1987ರಲ್ಲಿ ಸುತ್ತಲ ಕಾಡು ರಾಷ್ಟ್ರೀಯ ಉದ್ಯಾನ ಆಯಿತು, 2002ರಲ್ಲಿ ಗಣಿ ನಿಲ್ಲಿಸಿ ಅಂತ ಸುಪ್ರೀಂ ಕೋರ್ಟ್ ತೀರ್ಪು ಬಂತು, 2005ರ ಕೊನೇ ದಿನಕ್ಕೆ ಗಣಿ ನಿಂತಿತು.

ನಾನೇನು ಗಣಿ ಪರ ಅಲ್ಲ. ಭದ್ರಾ ಹುಟ್ಟುವ ಜಾಗ ಅದು, ಮಳೆಗಾಲದಲ್ಲಿ ಗಣಿ ಮಣ್ಣು ಹೊಳೆಗೆ ಹರಿದದ್ದನ್ನು ನಾನೇ ನೋಡಿದ್ದೇನೆ. ಆದರೆ ನಮ್ಮ ಬೀದಿಯ ಲೆಕ್ಕ ಯಾರು ಬರೆದರು? ಸ್ಕೂಲಿನಲ್ಲಿ ನಮ್ಮ ಕ್ಲಾಸಿನ ಹಾಜರಿ ಪುಸ್ತಕ ಒಂದೇ ವರ್ಷದಲ್ಲಿ ಅರ್ಧ ಆಯಿತು. ಸಂತೆಯಲ್ಲಿ ಮೀನು ಮಾರುವ ಹೆಂಗಸು ಒಂದು ವಾರ ಬರಲಿಲ್ಲ, ಆಮೇಲೆ ಬರಲೇ ಇಲ್ಲ. ನೀವು ಓದಲು ಹೋದರೆ ದಯವಿಟ್ಟು ಇಂಥದ್ದನ್ನೂ ಓದಿ. ಹುಲ್ಲುಗಾವಲಿನ ಬೆಲೆ ಎಷ್ಟು ಅಂತ ಬರೆದ ಹಾಗೆ ಇದನ್ನೂ ಬರೆಯಿರಿ.

ಮಲೆನಾಡ ಕಂಬಳಿ
ಹುಲ್ಲುಗಾವಲಿಗೆ ಬೆಲೆ ಕಟ್ಟುವುದೇ ತಪ್ಪು ಅನ್ನುವವನು ನಾನು. ಅಮ್ಮನಿಗೆ ಬೆಲೆ ಕಟ್ಟುತ್ತೀರಾ? ಒಂದು ಸಲ ಶೋಲಾ ಕಾಡಿಗೆ ಇಷ್ಟು ಲಕ್ಷ ಅಂತ ಬರೆದಿಟ್ಟರೆ ನಾಳೆ ಅಷ್ಟು ಲಕ್ಷ ಹಿಡಿದುಕೊಂಡು ಒಬ್ಬ ಬಾಗಿಲಿಗೆ ಬಂದು ನಿಲ್ಲುತ್ತಾನೆ. ಈ ಶಾಸ್ತ್ರ ಓದುವುದಕ್ಕಿಂತ ಸಸ್ಯಶಾಸ್ತ್ರ ಓದಿ.

ಹೇಮಾವತಿ ದಂಡೆ
ಕಂಬಳಿ ಅಣ್ಣ, ಬೆಲೆ ಕಟ್ಟದಿದ್ದರೆ ಏನಾಗುತ್ತೆ ಗೊತ್ತಾ? ಬೆಲೆ ಸೊನ್ನೆ ಅಂತ ತಿಳಿದುಕೊಳ್ಳುತ್ತಾರೆ. ರಸ್ತೆ, ಲೈನು, ಗಣಿ ಯಾವುದಕ್ಕಾದರೂ ಕಾಡು ಕೊಡುವಾಗ ನಿವ್ವಳ ವರ್ತಮಾನ ಮೌಲ್ಯ (ಕಾಡು ಮುಂದೆ ಕೊಡುವ ಲಾಭದ ಇವತ್ತಿನ ಬೆಲೆ) ಅಂತ ಕಟ್ಟಿಸಿಕೊಳ್ಳುತ್ತಾರಲ್ಲ, ಅದು ಬಂದದ್ದೇ ಸುಪ್ರೀಂ ಕೋರ್ಟಿನ ಗೋದಾವರ್ಮನ್ ಅರಣ್ಯ ಪ್ರಕರಣದಿಂದ. ಕಾಂಚನ್ ಚೋಪ್ರಾ ಎಂಬ ಅರ್ಥಶಾಸ್ತ್ರಜ್ಞೆಯ ಸಮಿತಿ ಅದರ ಲೆಕ್ಕ ಹೇಗಿರಬೇಕು ಅಂತ ವರದಿ ಕೊಟ್ಟಿತು. 2008ರಲ್ಲಿ ಕೋರ್ಟ್ ಒಪ್ಪಿದ ದರ ಹೆಕ್ಟೇರಿಗೆ 4.38 ಲಕ್ಷದಿಂದ 10.43 ಲಕ್ಷದವರೆಗೆ. ಆಮೇಲೆ ಪರಿಷ್ಕರಣೆಯೂ ಆಗಿದೆ. ಆ ಪ್ರಕರಣಕ್ಕೆ ಮೊದಲು? ಈ ಲೆಕ್ಕವೇ ಇರಲಿಲ್ಲ.

ಸಿಲ್ವರ್ ನೆರಳು
ಹೆಕ್ಟೇರ್ ಅಂದರೆ ಸುಮಾರು ಎರಡೂವರೆ ಎಕರೆ. ಹತ್ತು ಲಕ್ಷಕ್ಕೆ ನಮ್ಮ ಕಡೆ ಒಂದು ಎಕರೆ ತೋಟವೂ ಬರಲ್ಲ ಕಣಮ್ಮ. ಸಾವಿರಾರು ವರ್ಷದ ಕಾಡು ನನ್ನ ತೋಟಕ್ಕಿಂತ ಅಗ್ಗ ಅಂದ ಹಾಗಾಯ್ತು.

ಮಲೆನಾಡ ಕಂಬಳಿ
ನಾನು ಹೇಳಿದ್ದು ಇದನ್ನೇ!!

ಹೇಮಾವತಿ ದಂಡೆ
ಅದು ಮಾರಾಟದ ಬೆಲೆ ಅಲ್ಲ ಅಣ್ಣ. ಬದಲಿ ಅರಣ್ಯ ಬೆಳೆಸುವ ಖರ್ಚು ಬೇರೆ, ಅದರ ಮೇಲೆ ಇದು. ಆದರೂ ಕಡಿಮೆ ಅನ್ನುವುದು ನಿಜ. ಕಡಿಮೆ ಯಾಕೆ ಬಂತು ಅಂತ ವಾದ ಮಾಡಲು ಯಾರಾದರೂ ಈ ಲೆಕ್ಕ ಕಲಿತಿರಬೇಕು ಅಲ್ವಾ? ಎದುರಿನವನು ಎಕ್ಸೆಲ್ ಶೀಟ್ ತಂದಾಗ ನಾವು ಅಮ್ಮ ಅಂತ ಅತ್ತರೆ ಆಗಲ್ಲ.

ಬಡ್ಡಿಯ ಆಟ ನೋಡಿ. ಐವತ್ತು ವರ್ಷ ಬಿಟ್ಟು ಸಿಗುವ 100 ರೂಪಾಯಿ ಲಾಭಕ್ಕೆ ಇವತ್ತಿನ ಬೆಲೆ ಎಷ್ಟು? ವರ್ಷಕ್ಕೆ ಶೇ. 7ರಂತೆ ಬಡ್ಡಿ ಕಳೆದರೆ 3 ರೂಪಾಯಿ 40 ಪೈಸೆ. ಶೇ. 1.4 ಹಿಡಿದರೆ ಸುಮಾರು 50 ರೂಪಾಯಿ. ಅದೇ ಕಾಡು, ಅದೇ ಮಳೆ. 2006ರಲ್ಲಿ ಬ್ರಿಟನ್ನಿನ ಅರ್ಥಶಾಸ್ತ್ರಜ್ಞ ನಿಕೋಲಸ್ ಸ್ಟರ್ನ್ ಹವಾಮಾನ ವರದಿ ಬರೆದಾಗ ಹಿಡಿದದ್ದು ಹೆಚ್ಚು ಕಡಿಮೆ ಆ ಸಣ್ಣ ದರ. ವಿಲಿಯಂ ನಾರ್ಡ್‌ಹಾಸ್ ಅದು ತೀರಾ ಕಡಿಮೆಯಾಯಿತು ಅಂದರು, ಅವರಿಗೆ 2018ರಲ್ಲಿ ನೊಬೆಲ್ ಬಂತು. ಯಾವ ದರ ಸರಿ ಅನ್ನುವ ಜಗಳ ಇನ್ನೂ ಮುಗಿದಿಲ್ಲ. ನನ್ನ ಎಂ.ಎ. ಮೊದಲ ಸೆಮಿಸ್ಟರ್‌ನಲ್ಲಿ ಈ ಒಂದು ಲೆಕ್ಕ ನೋಡಿ ಎರಡು ದಿನ ನಿದ್ದೆ ಬಂದಿರಲಿಲ್ಲ.

ಬಣಕಲ್ ಮಳೆ
ಅಕ್ಕಾ, ಇದನ್ನು ನೋಟ್‌ಬುಕ್‌ಗೆ ಬರೆದುಕೊಂಡೆ. ಜನರನ್ನು ಕೇಳಿ ಬೆಲೆ ಕಟ್ಟುತ್ತಾರಂತೆ, ನಿಜವಾ?

ಹೇಮಾವತಿ ದಂಡೆ
ಅಯ್ಯೋ, ಅದರ ಕಥೆ ಕೇಳಬೇಡಿ. ಎಂ.ಎ. ಪ್ರಬಂಧಕ್ಕೆ ಸಖರಾಯಪಟ್ಟಣದ ಅಯ್ಯನಕೆರೆ ಹತ್ತಿರ ಸರ್ವೇಗೆ ಹೋಗಿದ್ದೆ. ಪ್ರಶ್ನೆ ಇದು: ಕೆರೆ ಚೆನ್ನಾಗಿ ಉಳಿಯಲು ನಿಮ್ಮ ಮನೆಯಿಂದ ವರ್ಷಕ್ಕೆ ಎಷ್ಟು ಕೊಡಲು ಸಿದ್ಧ? ಮೊದಲ ಮನೆಯ ಅಜ್ಜ ಎಲೆ ಅಡಿಕೆ ಹಾಕಿಕೊಂಡು ಪೂರ್ತಿ ಕೇಳಿದರು. ಆಮೇಲೆ, "ಯಾರ ಕೈಗೆ ಕೊಡಬೇಕು?" ಅಂದರು. ಒಂದು ಸಮಿತಿ ಇರುತ್ತೆ ಅಂದೆ. "ಸಮಿತಿಗಾ? ಹಂಗಾದ್ರೆ ಸೊನ್ನೆ ಬರ್ಕೊ." ಕೆರೆ ಬೇಡವಾ ಅಜ್ಜ ಅಂದೆ. "ಕೆರೆ ಬೇಕು. ಸಮಿತಿ ಬೇಡ."

ಪಕ್ಕದ ಮನೆಯ ಅಮ್ಮ ನನ್ನನ್ನು ಲೋನ್ ಕೊಡುವವಳು ಅಂದುಕೊಂಡು, "ನಿಮ್ಗೆ ಎಷ್ಟು ಬೇಕೋ ಅಷ್ಟು ಬರ್ಕೊಳ್ಳಿ" ಅಂದರು.

ಅಜ್ಜನ ಸೊನ್ನೆಯನ್ನು ಸೊನ್ನೆ ಅಂತಲೇ ಸೇರಿಸಿದರೆ ಕೆರೆಯ ಬೆಲೆ ಬೀಳುತ್ತೆ. ಅದನ್ನು ಪ್ರತಿಭಟನೆಯ ಸೊನ್ನೆ ಅಂತ ಬೇರೆ ಇಡಬೇಕು, ಅದಕ್ಕೆ ಯಾಕೆ ಸೊನ್ನೆ ಅಂತ ಇನ್ನೊಂದು ಪ್ರಶ್ನೆ ಕೇಳಬೇಕು. ಆ ಇನ್ನೊಂದು ಪ್ರಶ್ನೆ ಕಾಲೇಜಿನ ಫಾರ್ಮಿನಲ್ಲಿ ಇರಲಿಲ್ಲ. ಅಜ್ಜನಿಂದ ಕಲಿತೆ.

ಕಡೂರು ತೆಂಗು
ಅಯ್ಯನಕೆರೆ ನಮ್ಮ ಕಡೆಯದ್ದು. ಸಮಿತಿ ವಿಷಯದಲ್ಲಿ ಅಜ್ಜ ಹೇಳಿದ್ದು ನೂರಕ್ಕೆ ನೂರು.

ದೂರದೂರು
ಅರಸೀಕೆರೆಯವನು, ಈಗ ನೆದರ್‌ಲ್ಯಾಂಡ್ಸ್‌ನ ವಾಗೆನಿಂಗನ್‌ನಲ್ಲಿ ಇದೇ ವಿಷಯ ಓದುತ್ತಿದ್ದೇನೆ. ವಿದೇಶದ ಬಗ್ಗೆ ಯಾರೂ ಬರೆದಿಲ್ಲ, ಅದಕ್ಕೆ ನಾಲ್ಕು ಮಾತು.

ಇಲ್ಲಿ ಮಾಸ್ಟರ್ಸ್ ಎರಡು ವರ್ಷ, ಯುರೋಪಿನ ಹೊರಗಿನವರಿಗೆ ಫೀಸ್ ತುಂಬಾ ಜಾಸ್ತಿ. ಸ್ಕಾಲರ್‌ಶಿಪ್ ಇಲ್ಲದೆ ಬರಬೇಡಿ, ತೋಟ ಅಡ ಇಡಬೇಡಿ. ಪಿಎಚ್‌.ಡಿ. ಆದರೆ ಬೇರೆ ಮಾತು, ಇಲ್ಲಿ ಅದು ಸಂಬಳದ ಕೆಲಸ. ಅಮೆರಿಕದಲ್ಲಿ ಬರ್ಕ್ಲಿ, ಡೇವಿಸ್ ಕಡೆ ಕೃಷಿ ಮತ್ತು ಸಂಪನ್ಮೂಲ ಅರ್ಥಶಾಸ್ತ್ರ ಅಂತಲೇ ವಿಭಾಗ ಇವೆ. ಸಾಮಾನ್ಯವಾಗಿ ಪಿಎಚ್‌.ಡಿ.ಗೆ ತೆಗೆದುಕೊಂಡರೆ ಫೀಸ್ ಮನ್ನಾ, ಕೈಖರ್ಚಿಗೂ ಕೊಡುತ್ತಾರೆ. ಆದರೆ ಗಣಿತ ನೋಡಿಯೇ ತೆಗೆದುಕೊಳ್ಳುವುದು. ನಾನು ಮೊದಲ ಪರೀಕ್ಷೆಯಲ್ಲಿ ಡುಮ್ಕಿ. ಡಿಫರೆನ್ಷಿಯಲ್ ಈಕ್ವೇಶನ್ ನೋಡಿ ಪೆನ್ನು ಕೆಳಗಿಟ್ಟಿದ್ದೆ.

ಒಂದು ದಿನ ಮಾತ್ರ ನಾನು ಹೀರೋ. ಊರವರೇ ಸೇರಿ ನೀರು, ಕಾಡು ಹೇಗೆ ನೋಡಿಕೊಳ್ಳುತ್ತಾರೆ ಅಂತ ಬರೆದ ಎಲಿನಾರ್ ಆಸ್ಟ್ರಂ ಪಾಠ. ಸ್ಪೇನಿನ ವಲೆನ್ಸಿಯಾದಲ್ಲಿ ರೈತರದ್ದೇ ಒಂದು ನೀರಿನ ಕೋರ್ಟು ಪ್ರತಿ ಗುರುವಾರ ಸೇರುತ್ತೆ, ನೂರಾರು ವರ್ಷದಿಂದ ಅಂತ ಹೇಳಿದರು. ನಾನು ಕೈ ಎತ್ತಿ ನಮ್ಮೂರ ನೀರುಗಂಟಿ ಬಗ್ಗೆ ಹೇಳಿದೆ. ತೂಬು ಎತ್ತುವ ಹಕ್ಕು ಒಬ್ಬನಿಗೆ ಮಾತ್ರ, ಯಾವ ಗದ್ದೆಗೆ ಎಷ್ಟು ಹೊತ್ತು ಅಂತ ಅವನೇ ನೋಡುತ್ತಿದ್ದ, ಸುಗ್ಗಿಯಲ್ಲಿ ಪ್ರತಿ ಕಣದಿಂದ ಅವನಿಗೆ ಇಷ್ಟು ಅಂತ ಕಾಳು. ಕ್ಲಾಸ್ ಪೂರ್ತಿ ಬರೆದುಕೊಂಡಿತು. ಆಸ್ಟ್ರಂ ಮೇಡಂ ಅರ್ಥಶಾಸ್ತ್ರಜ್ಞೆಯಾಗಿ 2009ರಲ್ಲಿ ನೊಬೆಲ್ ಪಡೆದದ್ದೇ ಇಂಥ ವಿಷಯಕ್ಕೆ.

ಹಳೇ ಪೆನ್ಸಿಲ್
ಒಂದು ತಿದ್ದುಪಡಿ. ಆಸ್ಟ್ರಂ ಓದಿದ್ದು ರಾಜ್ಯಶಾಸ್ತ್ರ. ಅರ್ಥಶಾಸ್ತ್ರದ ನೊಬೆಲ್ ಪಡೆದ ಮೊದಲ ಮಹಿಳೆ ಅವರೇ. ಎಚ್‌ಇಪಿಯ ಕೊನೇ ಅಕ್ಷರವೂ ಉಪಯೋಗಕ್ಕೆ ಬರುತ್ತೆ ಅಂತ ಈ ಹುಡುಗಿಗೆ ಹೇಳಲು ಇದನ್ನು ಬರೆದೆ.

ಕಡೂರು ತೆಂಗು
ದೂರದೂರು ಅಣ್ಣ, ಕ್ಲಾಸಿನಲ್ಲಿ ಅರ್ಧ ಹೇಳಿದ್ದೀರಿ. ನನ್ನ ಮುತ್ತಾತ ನೀರುಗಂಟಿ. ನಮ್ಮ ಕೇರಿ ಊರಾಚೆ. ನಡುರಾತ್ರಿ ತೂಬಿನ ನೀರಿಗೆ ಇಳಿಯುವುದು ನಾವು, ಮೊದಲ ನೀರು ಗೌಡರ ಗದ್ದೆಗೆ. ಕೆರೆ ಅಂಚಿನಲ್ಲಿ ನಮಗೆ ಒಂದು ತುಂಡು ಗದ್ದೆಯೂ ಇರಲಿಲ್ಲ. ಸುಗ್ಗಿಯಲ್ಲಿ ಕೊಟ್ಟ ಕಾಳನ್ನು ಎಣಿಸಿ ಕೇಳುವ ಹಾಗಿರಲಿಲ್ಲ. ಚೆನ್ನಾಗಿ ನಡೆಯುತ್ತಿತ್ತು ಅನ್ನುತ್ತೀರಿ. ಯಾರಿಗೆ ಚೆನ್ನಾಗಿ?

ದೂರದೂರು
ಒಪ್ಪಿದೆ ಅಣ್ಣ. ಆ ದಿನ ನನಗೆ ಆ ಪ್ರಶ್ನೆ ಹೊಳೆಯಲೇ ಇಲ್ಲ. ನಮ್ಮದು ಮೊದಲ ನೀರು ಬರುವ ಗದ್ದೆ ಇತ್ತು, ಅದಕ್ಕೇ ಇರಬೇಕು.

ಕಡೂರು ತೆಂಗು
ಪರವಾಗಿಲ್ಲ ಬಿಡಿ. ಈಗ ಎಲ್ಲರದ್ದೂ ಒಂದೇ ಪಾಡು. ಕೆರೆ ಬಿಟ್ಟು ಬೋರ್‌ಗೆ ಬಂದೆವು. 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ಕರೆಂಟ್ ಬಿಟ್ಟಿ, ಹಾಗಾಗಿ ನೀರು ಬಿಟ್ಟಿ ಅನ್ನಿಸುತ್ತೆ. ನಮ್ಮ ತೋಟದಲ್ಲಿ ನಾಲ್ಕು ಕೊರೆಸಿದೆವು, ನಾಲ್ಕನೆಯದರಲ್ಲಿ ನೀರು. ಪಕ್ಕದವರು ಇನ್ನೂ ಇನ್ನೂರು ಅಡಿ ಆಳಕ್ಕೆ ಹೋದರು, ನಮ್ಮದು ಗೊರ ಗೊರ ಅಂದಿತು. ಲಾರಿಯಲ್ಲಿ ನೀರು ತಂದು ತೆಂಗು ಉಳಿಸಿಕೊಂಡ ವರ್ಷವೂ ಇದೆ.

ಹಳೇ ಪೆನ್ಸಿಲ್
ಬೆಂಗಳೂರು ಕೃಷಿ ವಿಶ್ವವಿದ್ಯಾಲಯದಲ್ಲಿದ್ದ ಎಂ.ಜಿ. ಚಂದ್ರಕಾಂತ್ ಅಂತರ್ಜಲದ ಅರ್ಥಶಾಸ್ತ್ರದ ಮೇಲೆ ವರ್ಷಗಟ್ಟಲೆ ದುಡಿದವರು. ನೀವು ಹೇಳಿದ್ದೇ ಅಲ್ಲಿನ ತಿರುಳು. ಬತ್ತಿದ ಮೂರು ಬೋರಿನ ಖರ್ಚನ್ನೂ ನಾಲ್ಕನೆಯದರ ನೀರಿನ ಮೇಲೆ ಹಾಕಿ ನೋಡಿ. ಕರೆಂಟ್ ಬಿಟ್ಟಿಯಾದರೂ ನೀರು ಬಿಟ್ಟಿಯಲ್ಲ.

ಚುರುಮುರಿ
ಇದಕ್ಕೇ ಎತ್ತಿನಹೊಳೆ ಅಲ್ವಾ? ನಿಮಗೆಲ್ಲ ನೀರು ಬರುತ್ತೆ ಬಿಡಿ.

ಸಿಲ್ವರ್ ನೆರಳು
ಆ ಹೆಸರು ಎತ್ತಬೇಡ ಮಾರಾಯ. ನಮ್ಮ ತಾಲ್ಲೂಕಿನ ಹಳ್ಳಗಳಿಂದ 24 ಟಿಎಂಸಿ ಅಂತ ಹೊರಟರು. ಐಐಎಸ್‌ಸಿಯ ಟಿ.ವಿ. ರಾಮಚಂದ್ರ ಅವರ ತಂಡ ಲೆಕ್ಕ ಹಾಕಿ ಅಲ್ಲಿ ಸಿಗುವುದೇ 9.55 ಟಿಎಂಸಿ ಅಂದಿತು. ಯೋಜನೆಯ ಅಂದಾಜು 8 ಸಾವಿರ ಚಿಲ್ಲರೆ ಕೋಟಿಯಿಂದ 23 ಸಾವಿರ ಕೋಟಿ ದಾಟಿತು. ಖರ್ಚು ಲಾಭದ ವಿಶ್ಲೇಷಣೆ ಅಂತ ಒಂದು ಪಾಠ ಇರುತ್ತಲ್ಲ, ಅಲ್ಲಿ ಲಾಭದ ಕಡೆ ಬರೆಯುವ ನೀರು ಅರ್ಧ, ಖರ್ಚಿನ ಕಡೆ ಬರೆಯುವ ದುಡ್ಡು ಮೂರು ಪಟ್ಟು ಆದರೆ ಏನು ಮಾಡಬೇಕು ಅಂತ ಬರೆದಿದ್ದಾರಾ?

ಕಡೂರು ತೆಂಗು
ನಿಮಗೇನು ಸಾರ್, ಮನೆ ಮುಂದೆ ಹಳ್ಳ ಹರಿಯುತ್ತೆ. ಬಯಲು ಸೀಮೆಯವರು ಕುಡಿಯುವ ನೀರು ಕೇಳಿದರೆ ತಪ್ಪಾ?

ಸಿಲ್ವರ್ ನೆರಳು
ಕೇಳುವುದು ತಪ್ಪಲ್ಲ, ಇಲ್ಲದ ನೀರು ಕೊಡ್ತೀವಿ ಅನ್ನುವುದು ತಪ್ಪು. ನೀವೂ ಕಾಯ್ತೀರಿ, ನಾವೂ ಕಾಡು ಕಳೆದುಕೊಳ್ಳುತ್ತೀವಿ.

ನಿರ್ವಾಹಕ
ಎತ್ತಿನಹೊಳೆಗೆ ಬೇರೆ ಎಳೆ ಇದೆ, ಅಲ್ಲಿ ಈಗಾಗಲೇ 400 ಉತ್ತರ ಇವೆ. ಇಲ್ಲಿ ಹುಡುಗಿಯ ಪ್ರಶ್ನೆಗೆ ವಾಪಸ್ ಬನ್ನಿ.

ಆಲೂರು ಕಂದಕ
ವಾಪಸ್ ಬರುವ ಮುಂಚೆ ಆನೆ ಬಗ್ಗೆ ಎರಡು ಮಾತು. ಇದೂ ಓದಿಗೆ ಸಂಬಂಧಪಟ್ಟದ್ದೇ.

2014ರಲ್ಲಿ ನಮ್ಮ ಆಲೂರು ಭಾಗದಿಂದ 22 ಆನೆ ಹಿಡಿದು ಸಾಗಿಸಿದರು. ಜಾಗ ಖಾಲಿಯಾಯಿತು, ಬೇರೆ ಆನೆ ಬಂದವು. ಪರಿಹಾರಕ್ಕೆ ಅರ್ಜಿ ಹಾಕಬೇಕಾದರೆ ಪಹಣಿ ಬೇಕು. ನಮ್ಮ ಪಹಣಿ ಇನ್ನೂ ತಾತನ ಹೆಸರಲ್ಲಿದೆ, ತಾತ ತೀರಿಕೊಂಡು ಹನ್ನೊಂದು ವರ್ಷ. ಬಾಳೆ ಎಷ್ಟು ಬುಡ, ಭತ್ತ ಎಷ್ಟು ಗುಂಟೆ ಅಂತ ಫಾರ್ಮಿನಲ್ಲಿ ಕೇಳುತ್ತಾರೆ. ಆನೆ ಇದೆ ಅಂತ ಕೂಲಿಯವರು ಎಂಟೂವರೆಗೆ ಮುಂಚೆ ತೋಟಕ್ಕೆ ಇಳಿಯಲ್ಲ, ಅದಕ್ಕೆ ಕಾಲಂ ಇಲ್ಲ. ಮಗಳನ್ನು ಬಸ್ಸಿನವರೆಗೆ ಜೀಪಿನಲ್ಲಿ ಬಿಡಬೇಕು, ಅದಕ್ಕೂ ಇಲ್ಲ. ರಾತ್ರಿ ವಾಟ್ಸಾಪ್‌ನಲ್ಲಿ ಆನೆ ಎಲ್ಲಿದೆ ಅಂತ ಮೆಸೇಜ್ ಬಂದ ಮೇಲೆ ನಿದ್ದೆ ಬರಲ್ಲ. ಕಾಲಂ ಇಲ್ಲ. ನೀವು ಓದಿ ಬಂದು ಈ ಫಾರ್ಮ್‌ಗೆ ಮೂರು ಕಾಲಂ ಸೇರಿಸಿದರೆ ಸಾಕು, ನಿಮ್ಮ ಅಪ್ಪನ ಪ್ರಶ್ನೆಗೆ ನಾನೇ ಉತ್ತರ ಹೇಳ್ತೀನಿ.

ಮಲೆನಾಡ ಕಂಬಳಿ
ಇದು ಸರಿಯಾದ ಮಾತು. (ಬೆಲೆ ಕಟ್ಟುವುದರ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿಲ್ಲ.)

ಗಂಗಡಿಕಲ್ಲು
ಭದ್ರಾ ಅಭಯಾರಣ್ಯದ ಒಳಗಿದ್ದ ಹಳ್ಳಿಗಳನ್ನು 2002ರ ಹೊತ್ತಿಗೆ ತರೀಕೆರೆ ಕಡೆಯ ಎಂ.ಸಿ. ಹಳ್ಳಿಗೆ ಸ್ಥಳಾಂತರ ಮಾಡಿದ್ದು ದೇಶದಲ್ಲೇ ಚೆನ್ನಾಗಿ ನಡೆದದ್ದು ಅಂತ ಹೇಳುತ್ತಾರೆ. ಆಗ ಮಕ್ಕಳಾಗಿದ್ದವರಿಗೆ ಈಗ ಮೂವತ್ತರ ಮೇಲೆ. ಅವರು ಏನು ಹೇಳುತ್ತಾರೆ ಅಂತ ಕೇಳಿಕೊಂಡು ಬಂದರೆ ಅದೇ ಒಂದು ಪ್ರಬಂಧ.

ಬಣಕಲ್ ಮಳೆ
ಇಷ್ಟೊಂದು ಉತ್ತರ ಬರುತ್ತೆ ಅಂದುಕೊಂಡಿರಲಿಲ್ಲ. ಎಲ್ಲರಿಗೂ ಥ್ಯಾಂಕ್ಸ್. ಗಣಿತ ಎಲ್ಲಿಂದ ಶುರು ಮಾಡಲಿ ಅಂತ ಯಾರೂ ಹೇಳಲಿಲ್ಲ 🙂

ಹೇಮಾವತಿ ದಂಡೆ
ಪಿಯುಸಿ ಗಣಿತದ ಎರಡೂ ವರ್ಷದ ಪುಸ್ತಕ ತೆಗೆದುಕೊಳ್ಳಿ. ಅವಕಲನ, ಅನುಕಲನ, ಮ್ಯಾಟ್ರಿಕ್ಸ್, ಸಂಭವನೀಯತೆ, ಇಷ್ಟು ಸಾಕು. ಟ್ರಿಗನಾಮೆಟ್ರಿಯಲ್ಲಿ ಮುಳುಗಬೇಡಿ, ನಾನು ಒಂದು ತಿಂಗಳು ಹಾಳು ಮಾಡಿಕೊಂಡೆ. ದಿನಾ ಒಂದು ಗಂಟೆ, ಆರು ತಿಂಗಳು. ಆಮೇಲೆ ಲಗ್ರಾಂಜ್ ವಿಧಾನ, ಅಂದರೆ ಇರುವ ದುಡ್ಡಿನ ಮಿತಿಯೊಳಗೆ ಅತಿ ಹೆಚ್ಚು ಹೇಗೆ ಪಡೆಯುವುದು ಅನ್ನುವ ಲೆಕ್ಕ. ಅದು ಒಂದು ಸಲ ಬಂದರೆ ಎಂ.ಎ. ಅರ್ಧ ಬಂದ ಹಾಗೆ. ಕೇಂದ್ರ ಸರ್ಕಾರದ ಸ್ವಯಂ ಪೋರ್ಟಲ್‌ನಲ್ಲಿ ಪಾಠ ನೋಡಲು ದುಡ್ಡು ಕೊಡಬೇಕಿಲ್ಲ. ಕಂಪ್ಯೂಟರ್‌ನಲ್ಲಿ ಆರ್ ಅನ್ನುವ ತಂತ್ರಾಂಶ ಹಾಕಿಕೊಳ್ಳಿ, ಅದೂ ಬಿಟ್ಟಿ. ಅಪ್ಪನ ತೋಟದ ಹತ್ತು ವರ್ಷದ ಮಳೆ ಲೆಕ್ಕ, ಫಸಲಿನ ಲೆಕ್ಕ ಇದ್ದರೆ ಅದನ್ನೇ ಹಾಕಿ ಆಡಿ.

ಸಿಲ್ವರ್ ನೆರಳು
ಮಳೆ ಲೆಕ್ಕ ಎಲ್ಲ ತೋಟದಲ್ಲೂ ಇರುತ್ತೆ. ಹೂ ಮಳೆ (ಕಾಫಿ ಹೂ ಅರಳಿಸುವ ಮಳೆ) ಎಷ್ಟು ಸೆಂಟ್ಸ್ (ಇಂಚಿನ ನೂರನೇ ಒಂದು ಭಾಗ) ಬಂತು ಅಂತ ನನ್ನ ತಂದೆ 1983ರಿಂದ ಡೈರಿಯಲ್ಲಿ ಬರೆದಿದ್ದಾರೆ. ಬೇಕಾದರೆ ಫೋಟೋ ತೆಗೆದು ಕಳಿಸ್ತೀನಿ.

ಹೇಮಾವತಿ ದಂಡೆ
ಅಣ್ಣಾ!! ಅವಳಿಗಲ್ಲ, ಮೊದಲು ನನಗೆ ಕಳಿಸಿ.

ಬಣಕಲ್ ಮಳೆ
ಅಪ್‌ಡೇಟ್. ನಿನ್ನೆ ರಾತ್ರಿ ಊಟ ಆದ ಮೇಲೆ ಅಪ್ಪನ ಜೊತೆ ಸಿಲ್ವರ್ ಮರದ ಲೆಕ್ಕ ಹಾಕಿದೆ. ಮನೆ ಹಿಂದಿನ ದೊಡ್ಡ ಮರ. ಬ್ಯಾಂಕ್ ಬಡ್ಡಿ ಶೇ. 7 ಅಂತ ಹಿಡಿದೆ, ಮೆಣಸು ಸೇರಿಸಿದೆ, ಇನ್ನೂ ಎಂಟು ವರ್ಷ ಕಡಿಯಬಾರದು ಅಂತ ಬಂತು. ಹೆಮ್ಮೆಯಿಂದ ತೋರಿಸಿದೆ.

ಅಪ್ಪ ಕನ್ನಡಕ ಹಾಕಿಕೊಂಡು ಪೂರ್ತಿ ನೋಡಿದರು. "ಈ ಏಳು ಎಲ್ಲಿಂದ ಬಂತು?" ಅಂದರು. ಬ್ಯಾಂಕಿಂದ ಅಂದೆ. "ಬ್ಯಾಂಕಲ್ಲಿ ದುಡ್ಡು ಇಟ್ಟವರಿಗೆ ಏಳು. ಕೆಲಸದವರ ಬಟವಾಡೆಗೆ ನಾನು ತರೋದು ಎರಡು ರೂಪಾಯಿ ಬಡ್ಡಿಗೆ. ಅದನ್ನ ಹಾಕು." ತಿಂಗಳಿಗೆ ನೂರಕ್ಕೆ ಎರಡು, ವರ್ಷಕ್ಕೆ ಇಪ್ಪತ್ನಾಲ್ಕು. ಹಾಕಿದೆ. ಈ ವರ್ಷವೇ ಕಡಿ ಅಂತ ಬಂತು.

ಅಪ್ಪ ಪೇಪರ್ ಮಡಚಿ ಜೇಬಿಗೆ ಹಾಕಿಕೊಂಡರು. ಬೆಳಿಗ್ಗೆ ಕಾಫಿ ಕುಡಿಯುವಾಗ, "ಆ ಮದ್ರಾಸ್ ಕಾಲೇಜಿಗೆ ಫೀಸ್ ಎಷ್ಟಂತೆ?" ಅಂತ ಕೇಳಿದರು.

ಹಳೇ ಪೆನ್ಸಿಲ್
ಸಣ್ಣ ತೋಟದವನು ಮರ ಬೇಗ ಕಡಿಯುತ್ತಾನೆ, ದೊಡ್ಡ ಎಸ್ಟೇಟಿನವನು ಕಾಯುತ್ತಾನೆ. ನಾನು ಇದನ್ನು ದುರಾಸೆ, ತಿಳಿವಳಿಕೆ ಇಲ್ಲ ಅಂತೆಲ್ಲ ಪಾಠದಲ್ಲಿ ಹೇಳಿದ್ದೇನೆ. ನಿಮ್ಮ ಅಪ್ಪನಿಗೆ ನನ್ನ ನಮಸ್ಕಾರ ತಿಳಿಸಮ್ಮ.

ಚುರುಮುರಿ
ಹಾಗಾದರೆ ಮರ ಕಡಿಸ್ತೀರಾ?

ಆಲೂರು ಕಂದಕ
ಎದೆ ಮಟ್ಟದಲ್ಲಿ ಸುತ್ತಳತೆ ಎಷ್ಟಿದೆ? ನಮ್ಮ ಕಡೆ ಒಬ್ಬ ವ್ಯಾಪಾರಿ ಇದ್ದಾನೆ, ಅಳತೆಯಲ್ಲಿ ಮೋಸ ಮಾಡಲ್ಲ.

ಬಣಕಲ್ ಮಳೆ
ಇಲ್ಲ ಅಣ್ಣ. ಮೆಣಸು ಕುಯ್ಯುವವರೆಗೆ ಯಾರೂ ಮುಟ್ಟಬಾರದು ಅಂತ ಅಮ್ಮ ಹೇಳಿಬಿಟ್ಟಿದ್ದಾರೆ.